ಬಿಳಿ ಕೋಣೆಯಲ್ಲಿ ಎತ್ತಿದ ಕೈಗಳು

"ಹೌದು ಮಾವ. ನಾನೂ ಹೊಡ್ದೆ."

ಠಾಣೆಯ ಆ ಪುಟ್ಟ ಕೋಣೆಯಲ್ಲಿ ಕೂತು ಗುಬ್ಬಿ ಹಾಗಂದಳು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ ಅನ್ನಿ.

ಪಾಪ, ಮೂರು ದಿನದಿಂದ ಅವರು ಚಪ್ಪಲಿ ಸವೆಸಿದ್ದೆಲ್ಲ ಒಂದೇ ನಂಬಿಕೆಯ ಮೇಲೆ. ಅಕ್ಕನ ಮಗಳು ಯಾರ ಮೈಮೇಲೂ ಕೈ ಮಾಡುವವಳಲ್ಲ ಎಂದು ಅಕ್ಕನಿಗೆ ಹೇಳಿದ್ದರು, ಇನ್ಸ್‌ಪೆಕ್ಟರಿಗೆ ಹೇಳಿದ್ದರು, ಕೇಳದಿದ್ದರೂ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದರು. ಈಗ ನೋಡಿದರೆ ಹುಡುಗಿ ತಾನಾಗಿ ಬಾಯಿಬಿಟ್ಟು ಹೊಡೆದೆ ಅನ್ನುತ್ತಿದ್ದಾಳೆ.

"ಎಷ್ಟು ಸಲ?"

"ಒಂದೇ ಸಲ. ಕೈಯಲ್ಲಿ, ಬೆನ್ನ ಮೇಲೆ." ಅವಳು ಬಲಗೈಯನ್ನು ಮಡಿಲಲ್ಲಿಟ್ಟು ಎಡಗೈಯಿಂದ ಮುಚ್ಚಿಕೊಂಡಿದ್ದಳು. "ಸರಳಲ್ಲಿ ಹೊಡ್ದಿದ್ದು ನಾನಲ್ಲ ಮಾವ. ಅಮ್ಮನಾಣೆ."

"ಆ ಒಂದು ಏಟಾದ್ರೂ ಯಾಕೆ?"

"ಅದೇ ತಿಳೀತಿಲ್ಲ. ನಂಗೆ ಅವ್ರ ಮೇಲೆ ಅಷ್ಟೇನೂ ಸಿಟ್ಟಿರ್ಲಿಲ್ಲ. ಎಲ್ರೂ ಮುತ್ಕೊಂಡಿದ್ರು. ನಾನು ನೋಡ್ತಾ ಇದ್ದ ಹಾಗೇ ಒಂದು ಕೈ ಎದ್ದು ಅವ್ರ ಬೆನ್ನಿಗೆ ಬಿತ್ತು. ಬಿಳಿ ಗ್ಲೌಸು, ಬಿಳಿ ತೋಳು. ಅಂಗೈ ಉರಿದ ಮೇಲೇನೇ ಅದು ನನ್ನ ಕೈ ಅಂತ ಗೊತ್ತಾಗಿದ್ದು."

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು ಬಹಳ ವರ್ಷಗಳ ಹಿಂದೆ ಅವರು ತಮಗೆ ತಾವೇ ಹೇಳಿಕೊಂಡಿದ್ದರು. ಅದನ್ನು ಇವತ್ತಿನವರೆಗೆ ಅಕ್ಕನಿಗೂ ಹೇಳಿಲ್ಲ.

ಕಥೆಯನ್ನು ಇವತ್ತೇ ಕೈಗೆತ್ತಿಕೊಂಡವರಿಗೆ ನಾಲ್ಕು ಮಾತು. ಕಣ್ಣಿಗೆ ಹಾಕುವ ಹನಿ ಔಷಧಿ ತಯಾರಿಸುವ ಕಾರ್ಖಾನೆ ಅದು. ಅಲ್ಲಿ ಬಾಟಲಿ ತುಂಬಿಸುವ ಜಾಗಕ್ಕೆ ಬಿಳಿ ಕೋಣೆ ಎಂದು ಹೆಸರು. ಮೊನ್ನೆ ಹಾಡಹಗಲೇ ಆ ಕೋಣೆಯಲ್ಲಿ ಕೆಲಸಗಾರರೇ ತಮ್ಮ ಸೂಪರ್‌ವೈಸರನ್ನು ಹೊಡೆದು ಕೆಡವಿದ್ದರು. ಸದಾ ಗಡಿಯಾರ ನೋಡುತ್ತಿದ್ದ ಆತನನ್ನು ಎಲ್ಲರೂ ಬೆನ್ನ ಹಿಂದೆ ಗಂಟೆಯಪ್ಪ ಅನ್ನುತ್ತಿದ್ದರು. ಗಂಟೆಯಪ್ಪ ಈಗ ಆಸ್ಪತ್ರೆಯಲ್ಲಿ ಜ್ಞಾನವಿಲ್ಲದೆ ಮಲಗಿದ್ದಾನೆ. ಕೈ ಏಟುಗಳಿಂದಲ್ಲ, ಕೊನೆಯಲ್ಲಿ ತಲೆಯ ಹಿಂಭಾಗಕ್ಕೆ ಬಿದ್ದ ಸ್ಟೀಲು ಸರಳಿನ ಒಂದೇ ಏಟಿನಿಂದ.

ಆ ಕೋಣೆಗೆ ಕಾಲಿಡುವವರು ಅಡಿಯಿಂದ ಮುಡಿಯವರೆಗೆ ಬಿಳಿ ಸೂಟು ಹಾಕಬೇಕು. ತಲೆಗೆ ಮುಸುಕು, ಬಾಯಿಗೆ ಮಾಸ್ಕು, ಕಣ್ಣಿಗೆ ಅಗಲವಾದ ಕನ್ನಡಕ, ಕೈಗೆ ಗ್ಲೌಸು, ಕಾಲಿಗೆ ಬೂಟು. ಹೆತ್ತ ತಾಯಿಗೂ ಗುರುತು ಸಿಗದ ವೇಷ. ಅದಕ್ಕೇ ದಿನಾ ಬೆಳಗ್ಗೆ ಎಲ್ಲರೂ ಎದೆಗೂ ಬೆನ್ನಿಗೂ ಹೆಸರು ಬರೆದ ಟೇಪು ಅಂಟಿಸಿಕೊಂಡು ಒಳಗೆ ಹೋಗುವುದು ರೂಢಿ. ಮೊನ್ನೆ ಒಂದು ದಿನ ಮಾತ್ರ ಟೇಪು ಇರಲಿಲ್ಲ.

ಕ್ಯಾಮೆರಾ ಒಂದಿತ್ತು, ಮೇಲಿನಿಂದ ಅರ್ಧ ಕೋಣೆ ಕಾಣುತ್ತಿತ್ತು. ಅದರಲ್ಲಿ ಬಿಳಿ ಬಿಟ್ಟರೆ ಬೇರೇನಿಲ್ಲ. ಆದರೆ ಸರಳು ಹಿಡಿದು ಬಂದ ಆಕೃತಿ ಮೂರು ಹೆಜ್ಜೆ ಕುಂಟುತ್ತದೆ. ಆ ಪಾಳಿಯ ಹನ್ನೆರಡು ಜನರಲ್ಲಿ ಕುಂಟುವವಳು ಗುಬ್ಬಿ ಒಬ್ಬಳೇ. ಹುಟ್ಟಿನಿಂದ ಅವಳ ಎಡಗಾಲು ಒಂದಿಂಚು ಗಿಡ್ಡ.

ಮುಗಿಯಿತಲ್ಲ! ಹನ್ನೊಂದು ಜನ ಬಿಳಿ ಬಟ್ಟೆಯೊಳಗೆ ಮಾಯವಾದರು, ಎಲ್ಲರ ಪಾಪವೂ ಬಂದು ಒಂದು ಗಿಡ್ಡ ಕಾಲಿನ ಮೇಲೆ ಕೂತಿತು.

ಹೊರಗಿನ ಹಜಾರದಲ್ಲಿ ಇನ್ಸ್‌ಪೆಕ್ಟರ್ ಮೇಡಂ ನಿಂತಿದ್ದರು. ನಮ್ಮ ಮೇಷ್ಟ್ರು ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಬೆರಳ ಗುರುತು ನೋಡುವ ಕೆಲಸ ಮಾಡಿ, ಹೊಸಬರಿಗೆ ಅದನ್ನೇ ಕಲಿಸಿ, ಆ ಹೆಸರಿನೊಂದಿಗೇ ನಿವೃತ್ತರಾದವರು. ಮೇಡಂ ಇವರ ಶಿಷ್ಯೆ. ಅಂಥವರ ಮನೆ ಹುಡುಗಿಯ ತಲೆಗೇ ಬಂದ ಕೇಸಿನಲ್ಲಿ ಎಲ್ಲ ಕೈಗಳಿಗೂ ಗ್ಲೌಸು! ವಿಧಿಗೆ ತಮಾಷೆ ಮಾಡಲು ಬೇರೆ ಜನ ಸಿಗಲಿಲ್ಲವೇ ಅನ್ನಿಸುತ್ತದೆ.

"ನಾಲ್ಕು ಗಂಟೆಗೆ ಕೋರ್ಟು ಸರ್," ಎಂದರು ಮೇಡಂ. "ಅಲ್ಲಿಂದ ನೇರ ಜೈಲು. ಗಂಟೆಯಪ್ಪಂಗೆ ಏನಾದ್ರೂ ಆಗಿಬಿಟ್ರೆ ಕೊಲೆ ಕೇಸು."

"ಆ ವಿಡಿಯೊ ಹದಿನೇಳು ಸಲ ನೋಡಿದೀನಮ್ಮ. ಸರಳು ಹಿಡಿದಿರೋರು ಬಲಗಡೆಗೆ ವಾಲ್ತಾರೆ. ನಮ್ಮ ಹುಡುಗಿ ವಾಲೋದು ಎಡಗಡೆಗೆ."

"ನಂಗೂ ಹಾಗೇ ಕಾಣುತ್ತೆ. ಆದ್ರೆ ಮಸುಕು ವಿಡಿಯೊ, ಮೂರೇ ಹೆಜ್ಜೆ. ಸೋದರಮಾವ ಹೇಳ್ತಾನೆ ಅಂದ್ರೆ ಯಾರು ಸರ್ ನಂಬ್ತಾರೆ? ಕಣ್ಣಾರೆ ಕಂಡವ್ರು ಬೇಕು."

"ಹನ್ನೊಂದು ಜನ ಕಣ್ಣಾರೆ ಕಂಡಿದಾರಲ್ಲ."

"ಹನ್ನೊಂದೂ ಜನ ಆ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಕೊಂಡಿದ್ರಂತೆ." ಮೇಡಂ ನಗಲಿಲ್ಲ. "ನೋಡಿದೆ ಅಂದ್ರೆ ಅಲ್ಲಿದ್ದೆ ಅಂದ ಹಾಗೆ. ಅಲ್ಲಿದ್ದೆ ಅಂದ್ರೆ ನೀನೂ ಹೊಡ್ದ್ಯಾ ಅಂತ ನಾವು ಕೇಳ್ತೀವಿ. ಹೆಸರು ಹೇಳಿಸ್ಕೊಂಡು ಎದುರು ಕೂರಿಸಿದ ತಕ್ಷಣ ಬಾಯಿಗೆ ಬೀಗ."

ಮೇಷ್ಟ್ರು ಗೋಡೆಗಡಿಯಾರ ನೋಡಿದರು. ಒಂದಾಗಲು ಹತ್ತು ನಿಮಿಷ. ಹಿಂದಿನ ರಾತ್ರಿಯಿಂದ ತಲೆಯಲ್ಲಿ ಸುತ್ತುತ್ತಿದ್ದ ಹುಚ್ಚು ಯೋಚನೆಯೊಂದು ಆಗ ನಾಲಿಗೆಗೆ ಬಂತು.

"ಹಾಗಿದ್ರೆ ಹೆಸರು ಹೇಳಿಸ್ಲೇಬೇಡ."

"ಅಂದ್ರೆ?"

"ಆ ಬಿಳಿ ಬಟ್ಟೆ ಹಾಕ್ಕೊಂಡಾಗ ತಾನೇ ಹೊಡೆಯೋ ಧೈರ್ಯ ಬಂದಿದ್ದು? ಅದೇ ಬಟ್ಟೆ ಮತ್ತೆ ಹಾಕ್ಸೋಣ. ಅದೇ ಕೋಣೆ, ಟೇಪು ಇಲ್ದೆ. ನಿಜ ಹೇಳೋ ಧೈರ್ಯಾನೂ ಅದರೊಳಗೇ ಇದೆಯೇನೋ ನೋಡೋಣ. ನಾನು ಕೇಳ್ತೀನಿ, ಅವರು ಕೈ ಎತ್ಲಿ. ನೀನು ಗಾಜಿನ ಆಚೆಯಿಂದ ನೋಡು. ನೀನು ನೋಡಿದ್ದು ನೀನೇ ಕೋರ್ಟಲ್ಲಿ ಹೇಳಬಹುದು."

ಮೇಡಂ ಕೈಗಡಿಯಾರ ನೋಡಿಕೊಂಡರು. "ಮೂರೂವರೆಗೆ ನಾನು ಗುಬ್ಬಿನ ಜೀಪಿಗೆ ಹತ್ತಿಸ್ಬೇಕು ಸರ್. ಅಲ್ಲಿವರೆಗೆ ನಿಮ್ಮ ಸಮಯ."

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಮಾತಿನ ಮಲ್ಲ. ಮೇಷ್ಟ್ರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಲೇ ಮಾತು ಶುರು ಮಾಡಿದ.

"ಆ ಹುಡುಗೀನಾ ಸಾರ್? ರಸ್ತೆ ತುದಿಯಲ್ಲಿ ಬರ್ತಿದ್ರೇನೇ ಹೇಳ್ಬಿಡ್ತೀನಿ. ಆರು ವರ್ಷದಿಂದ ದಿನಾ ಬೆಳಗ್ಗೆ ನೋಡ್ತಿದೀನಲ್ಲ." ಕುರ್ಚಿಯಿಂದೆದ್ದು ಎರಡು ಹೆಜ್ಜೆ ಹಾಕಿ ತೋರಿಸಿಯೂ ತೋರಿಸಿದ. "ಹೀಗೇ ಅಲ್ವಾ?"

ಅವನು ಬಲಗಡೆಗೆ ವಾಲಿದ್ದ.

ಮೇಷ್ಟ್ರು ಅವನ ಕಾಲನ್ನೇ ನೋಡಿದರು. "ಯಾವ ಕಾಲಪ್ಪ ಅದು?"

"ಬಲಗಾಲು. ಯಾಕೆ ಸಾರ್?"

"ಅವಳದ್ದು ಎಡಗಾಲು."

"ಛೆ ಛೆ, ಇರ್ಲಿಕ್ಕಿಲ್ಲ…" ಎಂದು ರಾಗ ಎಳೆದ ಅವನು ಆಮೇಲೆ ತನ್ನ ಎರಡು ಕಾಲುಗಳನ್ನೂ ನೋಡಿಕೊಂಡು ತಲೆ ಕೆರೆದುಕೊಂಡ.

ಮೇಷ್ಟ್ರು ಅಲ್ಲೇ ನಿಂತು ಯೋಚಿಸಿದರು. ಇವನು ಕಳ್ಳನಂತೆ ಕಾಣಲಿಲ್ಲ. ಕಳ್ಳನಾಗಿದ್ದರೆ ಹೀಗೆ ಕುಣಿದು ತೋರಿಸುತ್ತಿದ್ದನೇ? ಅಥವಾ ಅದಕ್ಕೇ ಕುಣಿದು ತೋರಿಸಿದನೇ? ಇರಲಿ. ಗುಬ್ಬಿ ದಿನಾ ಬೆಳಗ್ಗೆ ಇವನ ಎದುರಿಗೆ ಬರುತ್ತಾಳೆ. ಗೇಟು ದಾಟಿದ ಮೇಲೆ ಇವನು ರಿಜಿಸ್ಟರಿಗೆ ತಲೆ ಬಗ್ಗಿಸುತ್ತಾನೆ. ಸಂಜೆ ಅವಳು ಹೊರಡುವಾಗ ಇವನ ಪಾಳಿ ಮುಗಿದಿರುತ್ತದೆ. ಎದುರಿಗೆ ಬರುವವಳ ಎಡ, ಕೂತು ನೋಡುವವನ ಬಲ. ಕನ್ನಡಿಯಲ್ಲಿ ಕಂಡಂತೆ ಕಲಿತಿದ್ದಾನೆ.

ಹಾಗಾದರೆ ಗುಬ್ಬಿಯಂತೆ ಕುಂಟುತ್ತ ನಟಿಸಿದ ಆ ಸರಳಿನವನೂ ಅವಳ ಕುಂಟನ್ನು ಹೀಗೆಯೇ ಕಲಿತಿರಬೇಕು. ಗುಬ್ಬಿಯ ಜೊತೆ ಪಕ್ಕದಲ್ಲಿ, ಹಿಂದೆ ಮುಂದೆ ದಿನವಿಡೀ ನಡೆದಾಡುವ ಹನ್ನೊಂದು ಜನ ಅದು ಯಾವ ಕಾಲು ಎಂಬುದನ್ನು ತಪ್ಪುವುದಿಲ್ಲ. ತಪ್ಪುವವರು ಅವಳು ಬರುವುದನ್ನು ಮಾತ್ರ ಕಂಡವರು, ಅವಳ ಜೊತೆ ಒಂದು ದಿನವೂ ಹೆಜ್ಜೆ ಹಾಕದವರು.

ಅಂಥವರು ಈ ಕಾರ್ಖಾನೆಯಲ್ಲಿ ಇನ್ನೂ ಇಬ್ಬರಿದ್ದರು.

ಒಬ್ಬ ಬಟ್ಟೆ ಕಿಟಕಿಯವನು. ಒಗೆದು ಶುದ್ಧ ಮಾಡಿದ ಸೂಟುಗಳ ಪೊಟ್ಟಣವನ್ನು ಕಿಟಕಿಯಿಂದ ಕೊಡುವುದು ಅವನ ಕೆಲಸ. ಗುಬ್ಬಿ ಹಜಾರದುದ್ದಕ್ಕೂ ಅವನ ಕಡೆಗೇ ನಡೆದು ಬಂದು, ಪೊಟ್ಟಣ ತೆಗೆದುಕೊಂಡು ಪಕ್ಕದ ಬಾಗಿಲಿಗೆ ನುಗ್ಗಿಬಿಡುತ್ತಾಳೆ. ಆತ ಒಂದು ಕೇಳಿದರೆ ಅರ್ಧ ಹೇಳುವ ಆಸಾಮಿ.

"ಯಾವ ಕಾಲು ಅಂತ ಗಮನಿಸಿದೀಯಾ?"

"ಇಲ್ಲ."

"ಎಡಗಾಲು."

"ಇರಬಹುದು," ಎಂದು ಮೇಷ್ಟ್ರ ಮುಖ ನೋಡದೆ ಹನ್ನೊಂದು ಪೊಟ್ಟಣ ಎಣಿಸಿಟ್ಟ. ಮೇಷ್ಟ್ರಿಗೆಂದು ಇನ್ನೊಂದು ಬೇರೆಯಾಗಿ ಕೊಟ್ಟ.

ಇನ್ನೊಬ್ಬರು ಮ್ಯಾನೇಜರು. ಮೆಟ್ಟಿಲು ಹತ್ತಿ ಬರುವವರೆಲ್ಲ ಕಾಣುವಂತೆ ತುದಿಯಲ್ಲೇ ಅವರ ಗಾಜಿನ ಕೋಣೆ. ಟೇಪಿನ ವಿಷಯ ಎತ್ತಿದ ಕೂಡಲೇ ಅವರ ಮುಖ ಹುಳ್ಳಗಾಯಿತು.

"ಆ ನೋಟೀಸು ನಾನು ಹಾಕಿಸಿದ್ದಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರೀ?"

ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯ ಮೇಲೆ ಮೊನ್ನೆ ಬೆಳಗ್ಗೆ ಒಂದು ಕಾಗದ ಅಂಟಿತ್ತು. 'ಇಂದಿನಿಂದ ಸೂಟಿನ ಮೇಲೆ ಹೆಸರಿನ ಟೇಪು ಅಂಟಿಸಬಾರದು.' ಸಹಿ ಇಲ್ಲ, ಮೊಹರಿಲ್ಲ. ಯಾರೂ ಯಾಕೆ ಎಂದು ಕೇಳಲಿಲ್ಲ. ನೋಟೀಸು ಅಂದರೆ ನೋಟೀಸು. ದಿನಾ ಕಿಟಕಿಯ ಪಕ್ಕ ನೇತಾಡುತ್ತಿದ್ದ ಟೇಪಿನ ಸುರುಳಿಯೂ ಅವತ್ತು ಇರಲಿಲ್ಲ.

ಮೇಷ್ಟ್ರನ್ನು ಮೂರು ದಿನದಿಂದ ಕಾಡುತ್ತಿದ್ದದ್ದು ಸರಳಿಗಿಂತ ಹೆಚ್ಚಾಗಿ ಈ ಕಾಗದ. ಯಾರೋ ಒಬ್ಬನಿಗೆ ಈ ಹನ್ನೆರಡು ಜನರ ಒಳಗು ಚೆನ್ನಾಗಿ ಗೊತ್ತಿತ್ತು. ಅವರ ಎದೆಯ ಮೇಲಿನ ಹೆಸರು ಕಿತ್ತರೆ ಸಾಕು, ಮಿಕ್ಕಿದ್ದನ್ನು ಅವರೇ ಮಾಡುತ್ತಾರೆ, ಆ ಗಲಾಟೆಯಲ್ಲಿ ತನ್ನದೊಂದು ಏಟು ಸೇರಿಸಿ ಹೊರಟುಬಿಡಬಹುದು ಎಂದು ಅವನು ಲೆಕ್ಕ ಹಾಕಿದ್ದ. ಆ ಲೆಕ್ಕ ಸರಿಯಾದದ್ದೇ ಮೇಷ್ಟ್ರಿಗೆ ಎಲ್ಲಕ್ಕಿಂತ ಬೇಸರ ತಂದಿತ್ತು.

"ಗುಬ್ಬಿ ಯಾವ ಕಾಲಲ್ಲಿ ಕುಂಟ್ತಾಳೆ ಸಾರ್?" ಎಂದು ಹೊರಡುವಾಗ ಕೇಳಿದರು.

"ಬಲಗಾಲು ಅಲ್ವಾ?"

"ಅಲ್ಲ, ಎಡಗಾಲು."

"ಯಾವುದಾದ್ರೂ ಒಂದು. ನನಗೇನ್ರೀ ಅದು?" ಎಂದು ಮ್ಯಾನೇಜರು ಫೋನು ಕೈಗೆತ್ತಿಕೊಂಡರು.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಚಪ್ಪಲಿ ಗೂಡು. ಹೊರಗಿನ ಧೂಳು ಒಳಗೆ ಹೋಗಬಾರದೆಂದು ಎಲ್ಲರೂ ಅಲ್ಲೇ ಬಿಡಬೇಕು. ಮೇಷ್ಟ್ರು ಅಭ್ಯಾಸಬಲದಿಂದ ಬಗ್ಗಿ ನೋಡಿದರು. ಬೆರಳಿನ ಗೆರೆ ಓದಿದ ಕಣ್ಣಿಗೆ ಚಪ್ಪಲಿಯ ಸವೆತ ಓದುವುದು ದೊಡ್ಡ ಮಾತಲ್ಲ. ಹಿಮ್ಮಡಿ ಸವೆದದ್ದು ಒಂದು, ಬಾರು ಕಿತ್ತು ಪಿನ್ನು ಚುಚ್ಚಿದ್ದು ಒಂದು, ಊದಿದ ಕಾಲಿಗೆಂದು ಪಟ್ಟಿ ಸಡಿಲಿಸಿದ್ದು ಒಂದು. ಒಳಗೆ ಎಲ್ಲರೂ ಒಂದೇ, ಇಲ್ಲಿ ಮಾತ್ರ ಒಬ್ಬೊಬ್ಬರೂ ಬೇರೆ. ಒಟ್ಟು ಹನ್ನೊಂದು ಜೊತೆ. ತಮ್ಮದನ್ನು ದೂರಕ್ಕೆ, ಗೋಡೆ ಬದಿಯಲ್ಲಿ ಬಿಟ್ಟರು.

ಸೂಟಿನೊಳಗೆ ತೂರಿಕೊಳ್ಳಲು ಪರದಾಡುತ್ತಿದ್ದ ಅವರನ್ನು ನೋಡಲಾರದೆ ಒಬ್ಬ ಹೆಂಗಸು ಸಹಾಯಕ್ಕೆ ಬಂದಳು. ಆ ಪಾಳಿಗೆಲ್ಲ ಹಿರಿಯಳು, ಎಲ್ಲರ ಬಾಯಲ್ಲೂ ದೊಡ್ಡಕ್ಕ.

"ಅಯ್ಯೋ, ಪ್ಯಾಂಟು ಬೂಟಿನ ಮೇಲೆ ಬಿಟ್ಕೊಂಡಿದೀರಲ್ಲ! ಒಳಗೆ ತುರುಕ್ಬೇಕು. ಹೊಸಬರೆಲ್ಲ ಇದೊಂದು ತಪ್ಪು ಮಾಡೇ ಮಾಡ್ತಾರೆ." ಅವಳು ಕುಕ್ಕರುಗಾಲಲ್ಲಿ ಕೂತು ಬೂಟಿನ ದಾರ ಬಿಗಿದಳು. ಕೂತವಳು ತಲೆ ಎತ್ತಲಿಲ್ಲ. "ಗುಬ್ಬಿ ಹೇಗಿದಾಳೆ?"

"ಹೊಡೆದೆ ಅಂತ ಒಪ್ಕೊಂಡ್ಳು. ಒಂದು ಏಟು."

ದೊಡ್ಡಕ್ಕನ ಕೈ ದಾರದ ಮೇಲೆ ನಿಂತಿತು.

"ಅವತ್ತು ನಮ್ಮ ಬಸುರಿ ಹುಡುಗಿ ತಲೆ ಸುತ್ತಿ ಬಿದ್ಲು. ನಾವು ಎತ್ತೋಕೆ ಹೋದ್ರೆ ಗಂಟೆಯಪ್ಪ ಯಂತ್ರ ನಿಲ್ಲಿಸ್ಬೇಡಿ ಅಂದ. ಇಂಥದ್ದು ಅವನು ನೂರು ಸಲ ಅಂದಿದಾನೆ. ಪ್ರತಿ ಸಲವೂ ನನ್ನ ಎದೆ ಮೇಲಿನ ಹೆಸರು ಓದಿ, ಏನಮ್ಮ ನಿಂದು ಅಂತ ಗದರ್ತಿದ್ದ, ನಾನು ತಣ್ಣಗಾಗ್ತಿದ್ದೆ. ಅವತ್ತು ಓದೋಕೆ ಹೆಸರಿರ್ಲಿಲ್ಲ. ಏಯ್ ಅಂದ. ಯಾರಿಗೆ ಅಂದ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಹಿಂದಿನಿಂದ ಯಾರೋ ಹೊಡೀರಿ ಅಂದ್ರು."

"ಯಾರು?"

"ಮಾಸ್ಕಿನೊಳಗಿನ ದನಿ ಸ್ವಾಮಿ, ಎಲ್ಲ ಒಂದೇ ಥರ ಕೇಳುತ್ತೆ." ಅವಳು ಎದ್ದು ನಿಂತಳು. ಕಣ್ಣು ತುಂಬಿತ್ತು. "ನನಗೆ ಇಬ್ಬರು ಮೊಮ್ಮಕ್ಕಳಿದಾರೆ. ಅವರಿಗೆ ಒಂದು ದಿನಾನೂ ಒಂದು ಏಟು ಹಾಕಿದೋಳಲ್ಲ. ಇದಕ್ಕಿಂತ ಜಾಸ್ತಿ ಕೇಳ್ಬೇಡಿ."

ಅವಳು ಮುಸುಕು ಎಳೆದುಕೊಂಡು ಒಳಗೆ ಹೋದಳು. ಆ ಕ್ಷಣಕ್ಕೆ ದೊಡ್ಡಕ್ಕ ಇಲ್ಲವಾಗಿ ಒಂದು ಬಿಳಿ ಆಕೃತಿ ಉಳಿಯಿತು.

ಮೇಷ್ಟ್ರು ತಮ್ಮ ಕನ್ನಡಕದ ಮೇಲೆ ಅಗಲವಾದ ಕನ್ನಡಕ ಕೂರಿಸಿಕೊಂಡು ಕೊನೆಯವರಾಗಿ ಒಳಗೆ ಬಂದರು. ಬಾಗಿಲಿನಿಂದ ಒಳಗೆ ಬರುವವರಿಗೆ ಬಲಕ್ಕೆ ಉದ್ದನೆಯ ಗಾಜಿನ ಗೋಡೆ, ಎಡಕ್ಕೆ ಬಾಟಲಿ ತುಂಬಿಸುವ ಯಂತ್ರ. ಎದುರಿನ ಕೊನೆಯಲ್ಲಿ ಸಾಮಾನು ತರುವ ಇನ್ನೊಂದು ಬಾಗಿಲು. ಮೇಲಿನ ಕ್ಯಾಮೆರಾವನ್ನು ಸಾಕ್ಷಿಗೆಂದು ಪೊಲೀಸರು ಮೊನ್ನೆಯೇ ಬಿಚ್ಚಿಕೊಂಡು ಹೋಗಿದ್ದರು. ಯಂತ್ರದ ಸಾಲಿನ ನಡುವೆ ಅಲ್ಲಲ್ಲಿ ಬಿಳಿ ಸೂಟುಗಳು ಚದುರಿ ನಿಂತಿದ್ದವು. ಗಾಜಿನ ಆಚೆ ಹಜಾರದಲ್ಲಿ ಇನ್ಸ್‌ಪೆಕ್ಟರ್ ಮೇಡಂ ಒಬ್ಬರೇ, ಕೈಯಲ್ಲಿ ಪುಸ್ತಕ. ಗಂಟೆ ಎರಡೂಕಾಲು. ಮೂರೂವರೆಗೆ ಜೀಪು.

ಒಂದು ವಿಚಿತ್ರವನ್ನು ಮೇಷ್ಟ್ರು ಗಮನಿಸಿಕೊಂಡರು. ಸೂಟು ಹಾಕಿದ ಮೇಲೆ ಅವರಿಗೇ ಮೈ ಹಗುರಾಗಿತ್ತು. ಅಕ್ಕನ ತಮ್ಮ, ನಿವೃತ್ತ ನೌಕರ, ಮಂಡಿನೋವಿನ ಮುದುಕ, ಇವರೆಲ್ಲ ಚಪ್ಪಲಿಯ ಜೊತೆ ಹೊರಗೇ ಉಳಿದಂತೆ. ಈ ಹಗುರ ಅವರಿಗೆ ಹೊಸದಲ್ಲ, ಅದಕ್ಕೇ ಭಯವಾಯಿತು.

"ನಾನು ಯಾರು ಅಂತ ನಿಮಗೆ ಗೊತ್ತು," ಎಂದರು. ಮಾಸ್ಕಿನೊಳಗೆ ದನಿ ಅವರದ್ದೇ ಅನ್ನಿಸಲಿಲ್ಲ. "ಮೊದಲು ನನ್ನ ಕಥೆ ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸತು. ಬೀದಿಯಲ್ಲಿ ಗಲಾಟೆ, ನಮ್ಮನ್ನ ಕಳಿಸಿದ್ರು. ಎಲ್ಲರಿಗೂ ಹೆಲ್ಮೆಟ್ಟು, ಮುಖಕ್ಕೆ ಜಾಲರಿ, ಕೈಗೆ ಲಾಠಿ. ಎದೆ ಮೇಲಿನ ಹೆಸರಿನ ಬಿಲ್ಲೆ ಬಿಚ್ಚಿಡಿ ಅಂದ್ರು, ಕಿತ್ತು ಬೀಳುತ್ತೆ ಅಂತ. ಬಿಚ್ಚಿಟ್ಟೆ. ಆಮೇಲೆ ಒಬ್ಬ ಮನುಷ್ಯ ಬಿದ್ದಿದ್ದ. ಓಡೋಕೂ ಆಗ್ತಿರ್ಲಿಲ್ಲ ಅವನಿಗೆ, ತಲೆ ಮೇಲೆ ಕೈ ಇಟ್ಕೊಂಡು ಮಲಗಿದ್ದ. ನಾವು ಐದಾರು ಜನ ಹೊಡೆದ್ವಿ. ನಾನು ನಾಲ್ಕು ಏಟು ಹಾಕ್ದೆ."

ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು.

"ಮನೇಲಿ ನಾನು ಜೋರಾಗಿ ಮಾತಾಡಿದೋನೂ ಅಲ್ಲ. ಆ ನಾಲ್ಕು ಏಟು ಯಾರು ಹಾಕಿದ್ದು ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಗೊತ್ತಿಲ್ಲ ಅಂತಿದ್ದೆ. ಮಾರನೇ ತಿಂಗಳು ಬೆರಳ ಗುರುತಿನ ವಿಭಾಗಕ್ಕೆ ಹಾಕಿ ಅಂತ ಅರ್ಜಿ ಬರೆದೆ. ಯಾವ ಕೈ ಯಾರದ್ದು ಅಂತ ಹೇಳೋ ಕೆಲಸ. ಮೂವತ್ತು ವರ್ಷ ಲೋಕದ ಕೈಗಳನ್ನೆಲ್ಲ ಹೇಳ್ದೆ, ನನ್ನದೊಂದು ಬಿಟ್ಟು. ಇವತ್ತು ನಿಮ್ಮ ಮುಂದೆ ಹೇಳ್ತಿದೀನಿ. ಈ ಬಟ್ಟೆಯೊಳಗೆ ಇರೋದ್ರಿಂದ ಹೇಳೋಕಾಗ್ತಿದೆ."

ಮೇಡಂ ಗಾಜಿನ ಆಚೆ ಇದ್ದಾರೆಯೇ ಎಂದು ಅವರು ಒಮ್ಮೆ ತಿರುಗಿ ನೋಡಿಕೊಂಡರು.

"ಈಗ ಎಲ್ಲರೂ ಕಣ್ಣು ಮುಚ್ಚಿ. ನಾನು ತೆರೀರಿ ಅನ್ನೋವರೆಗೆ ತೆರೀಬೇಡಿ. ಪಕ್ಕದವರು ಏನು ಮಾಡಿದ್ರು ಅಂತ ನೋಡೋದು ಬೇಡ, ಅವತ್ತು ನೋಡಿದ್ದೇ ಸಾಕು. ಗಂಟೆಯಪ್ಪನ ಮೇಲೆ ಕೈ ಮಾಡಿದೋರು ಕೈ ಎತ್ತಿ."

ಮೊದಲು ಯಾವ ಕೈಯೂ ಅಲುಗಲಿಲ್ಲ. ಆಮೇಲೆ ಯಂತ್ರದ ಹತ್ತಿರದಿಂದ ಒಂದು ಬಿಳಿ ಕೈ ಮೊಣಕೈಯವರೆಗೆ ಎದ್ದು, ಅನುಮಾನಿಸಿ, ಪೂರ್ತಿ ಎದ್ದಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಒಂಬತ್ತು ಕೈಗಳು ಗಾಳಿಯಲ್ಲಿದ್ದವು. ಒಂದು ಆಕೃತಿಯ ಭುಜ ಅಳುವಿನಿಂದ ಕುಲುಕುತ್ತಿತ್ತು.

ಮೇಷ್ಟ್ರು ಗಾಜಿನ ಕಡೆ ನೋಡಿದರು. ಮೇಡಂ ಬರೆದುಕೊಳ್ಳುತ್ತಿದ್ದರು. ಬದುಕಿದೆಯಾ ಬಡಜೀವವೇ ಅನ್ನಿಸಿತು ಅವರಿಗೆ.

"ಇಳಿಸಿ. ಇನ್ನೊಂದೇ ಪ್ರಶ್ನೆ. ಸರಳು ಹಿಡ್ಕೊಂಡು ಬಂದೋರನ್ನ ಕಂಡೋರು ನೆನಪು ಮಾಡ್ಕೊಳ್ಳಿ. ಅವರು ನಾವೀಗ ಒಳಗೆ ಬಂದ ಬಾಗಿಲ ಕಡೆಯಿಂದಾನೇ ಕುಂಟ್ತಾ ಬಂದ್ರು. ಗುಬ್ಬಿನ ಮರೆತುಬಿಡಿ. ಕಣ್ಣಿಗೆ ಕಂಡಿದ್ದು ಮಾತ್ರ ಹೇಳಿ. ಹೆಜ್ಜೆ ಹಾಕುವಾಗ ಮೈ ಗಾಜಿನ ಗೋಡೆ ಕಡೆ ವಾಲ್ತಿದ್ರೆ ಬಲಗೈ ಎತ್ತಿ. ಯಂತ್ರದ ಕಡೆ ವಾಲ್ತಿದ್ರೆ ಎಡಗೈ. ಕಾಣದೆ ಇದ್ದೋರು ಎತ್ತಬೇಡಿ."

ಈ ಸಲ ತಡವಾಗಲಿಲ್ಲ. ಒಂದು ಬಲಗೈ. ಎರಡು, ಮೂರು. ಯಾರೋ "ಅಯ್ಯೋ ದೇವರೇ" ಎಂದರು. ಎತ್ತಿದ ಮೇಲೆ ಅದರ ಅರ್ಥ ಹೊಳೆದಿರಬೇಕು. ಆರು, ಏಳು, ಎಂಟು. ಎಂಟು ಬಲಗೈಗಳು!

ಎಂಟು ಜನ ಕಣ್ಣಾರೆ ಕಂಡಿದ್ದರು. ಗುಬ್ಬಿಯ ಕಾಲಲ್ಲ ಅದು. ಮೇಷ್ಟ್ರಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಅಕ್ಕ ಬೆಳಗ್ಗೆ ಫೋನು ಮಾಡಿ ಏನೂ ಮಾತಾಡದೆ, ಕೊನೆಗೆ "ನೀನಿದ್ದೀಯಲ್ಲ" ಎಂದು ಇಟ್ಟುಬಿಟ್ಟಿದ್ದಳು.

ಆಗ ಒಂಬತ್ತನೆಯ ಕೈ ಕಂಡಿತು. ಅದು ಎಡಗೈ, ಗುಬ್ಬಿ ವಾಲುವ ಕಡೆಯದ್ದು.

ಕೊನೆಯ ಬಾಗಿಲಿನ ಹತ್ತಿರ, ಉಳಿದವರಿಂದ ಸ್ವಲ್ಪ ದೂರ ನಿಂತಿದ್ದ ಆಕೃತಿ ಅದು. ಸರಿ, ಒಬ್ಬರಿಗೆ ತಪ್ಪು ನೆನಪು ಎಂದುಕೊಂಡು ಮೇಷ್ಟ್ರು ಎತ್ತದವರನ್ನು ಎಣಿಸಿದರು. ಒಂದು, ಎರಡು, ಮೂರು.

ಎಂಟು, ಒಂದು, ಮೂರು.

ಮತ್ತೆ ಎಣಿಸಿದರು. ಹೊರಗೆ ಗೂಡಿನಲ್ಲಿ ಇದ್ದದ್ದು ಹನ್ನೊಂದು ಜೊತೆ ಚಪ್ಪಲಿ. ಒಳಗೆ ತಮ್ಮನ್ನು ಬಿಟ್ಟು ಹನ್ನೆರಡು ಜನ ನಿಂತಿದ್ದರು.

ಮೇಷ್ಟ್ರ ಕಣ್ಣು ತಾನಾಗಿ ಕೆಳಗಿಳಿದು ಆ ಎಡಗೈಯವರ ಕಾಲಿಗೆ ಹೋಯಿತು. ಪ್ಯಾಂಟು ಬೂಟಿನ ಮೇಲೆ ಜೋತುಬಿದ್ದಿತ್ತು. ಗುಬ್ಬಿಯದ್ದು ಎಡಗಾಲು ಎಂದು ಒಂದು ಗಂಟೆಯ ಹಿಂದೆ ಮೂರು ಜನರಿಗೆ ತಾವೇ ತಮ್ಮ ಬಾಯಿಂದ ಹೇಳಿದ್ದು ನೆನಪಾಯಿತು.

"ಕೈ ಇಳಿಸ್ಬೇಡಿ," ಎಂದರು. "ಯಾರೂ ಇಳಿಸ್ಬೇಡಿ."

ಗಾಜಿನ ಕಡೆ ತಿರುಗಿದರು. ಮೇಡಂ ಇವರಿಗೆ ಬೆನ್ನು ಹಾಕಿ ನಿಂತಿದ್ದರು. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಕೈ. ಆಸ್ಪತ್ರೆಯಿಂದ ಇರಬೇಕು. ಮೊದಲನೆಯ ಪ್ರಶ್ನೆಯ ಕೈಗಳನ್ನು ಅವರು ಬರೆದುಕೊಂಡಿದ್ದರು, ಎರಡನೆಯದನ್ನು ನೋಡಿಯೇ ಇರಲಿಲ್ಲ. ಮೇಷ್ಟ್ರು ಗಾಜಿಗೆ ಬಡಿದರು. ಗ್ಲೌಸು ಹಾಕಿದ ಕೈ, ದಪ್ಪ ಗಾಜು, ಮೇಡಂ ತಿರುಗಲಿಲ್ಲ.

ಹನ್ನೊಂದು ಜನ ಕಣ್ಣು ಮುಚ್ಚಿದ್ದರು, ಮೇಷ್ಟ್ರೇ ಮುಚ್ಚಿಸಿದ್ದರು. ಗುಬ್ಬಿಯನ್ನು ಉಳಿಸುವ ಆ ಎಂಟು ಕೈಗಳನ್ನು ಕಂಡವರು ಲೋಕದಲ್ಲಿ ಇಬ್ಬರೇ, ತಾವು ಮತ್ತು ಕಣ್ಣು ಮುಚ್ಚದ ಆ ಇನ್ನೊಬ್ಬರು. ತೆರೆಯಿರಿ ಎಂದರೆ ಆ ಮನುಷ್ಯ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಿಳಿಯಲ್ಲಿ ಬಿಳಿಯಾಗಿಬಿಡುತ್ತಾನೆ. ತೆರೆಯಿರಿ ಎನ್ನದಿದ್ದರೆ?

ಮೇಡಂ ಈಗ ತಿರುಗಿದರೂ, ಈ ಹದಿಮೂರು ಬಿಳಿ ಸೂಟುಗಳಲ್ಲಿ ತಮ್ಮ ಮೇಷ್ಟ್ರು ಯಾರು ಎಂದು ಅವರಿಗೂ ಗೊತ್ತಾಗುವಂತಿರಲಿಲ್ಲ.

ಎಡಗೈ ಮೆಲ್ಲಗೆ ಇಳಿಯಿತು. ನೆಲದ ಮೇಲೆ ಬೂಟು ಕಿರುಗುಟ್ಟಿತು, ಮತ್ತೊಮ್ಮೆ, ಇನ್ನೊಮ್ಮೆ. ಕಣ್ಣು ಮುಚ್ಚಿ ಕೈ ಎತ್ತಿ ನಿಂತವರ ನಡುವೆ ದಾರಿ ಮಾಡಿಕೊಂಡು ಯಾರೋ ಮೇಷ್ಟ್ರ ಕಡೆಗೆ ನಡೆದು ಬರುತ್ತಿದ್ದರು. ಆ ನಡಿಗೆಯಲ್ಲಿ ಕುಂಟು ಇರಲಿಲ್ಲ.